ಸ್ಲೈಡರ್‌ಗೆ ತಿಂಗಳ ಬಾಡಿಗೆ

ನಿಕ್ ಕಲೆಕ್ಷನ್ ಎಂಬ ಫೋಟೋ ಎಡಿಟಿಂಗ್ ಸಾಫ್ಟ್‌ವೇರ್ ಕಂತೆಗೆ 2012ರಲ್ಲಿ ಹತ್ತಿರ ಹತ್ತಿರ 500 ಡಾಲರ್ ಬೆಲೆಯಿತ್ತು. ಮರುವರ್ಷ ಮಾರ್ಚ್‌ನಲ್ಲಿ 149ಕ್ಕೆ ಇಳಿಯಿತು. 2016ರ ಮಾರ್ಚ್‌ನಲ್ಲಿ ಸೊನ್ನೆಗೆ. ಆ ವರ್ಷ ದುಡ್ಡು ಕೊಟ್ಟು ಕೊಂಡಿದ್ದವರಿಗೆ ಹಣ ವಾಪಸ್ಸೂ ಸಿಕ್ಕಿತು. ಫೋಟೋಗ್ರಾಫರ್‌ಗಳಿಗೆ ಹಬ್ಬವೋ ಹಬ್ಬ. ಹದಿನಾಲ್ಕು ತಿಂಗಳು ಕಳೆಯುವಷ್ಟರಲ್ಲಿ, 2017ರ ಮೇನಲ್ಲಿ, ಇನ್ನು ಮುಂದೆ ಇದಕ್ಕೆ ಯಾವ ಅಪ್‌ಡೇಟೂ ಇಲ್ಲವೆಂದು ಆಗ ಅದರ ಒಡೆತನ ಹೊಂದಿದ್ದ ಗೂಗಲ್ ತಿಳಿಸಿತು. ಹಬ್ಬದೂಟ ಅಂದುಕೊಂಡದ್ದು ತಿಥಿಯೂಟವಾಗಿತ್ತು.

ಎಡಿಟಿಂಗ್ ಸಾಫ್ಟ್‌ವೇರ್ ತುಟ್ಟಿಯಾಯಿತು ಎಂಬ ಗೊಣಗಾಟ ದಿನಾ ಕೇಳುತ್ತೇವೆ. ಅಗ್ಗವಾದಾಗ ಮಾತ್ರ ಯಾರೂ ಪ್ರಶ್ನೆ ಕೇಳುವುದಿಲ್ಲ. ನನ್ನ ಪ್ರಕಾರ ಬೆಲೆ ಏರಿದರೂ ಇಳಿದರೂ ಕೇಳಬೇಕಾದ್ದು ಒಂದೇ: ಇದನ್ನು ಮಾಡುವ ಕಂಪನಿಗೆ ಅನ್ನ ಎಲ್ಲಿಂದ ಬರುತ್ತಿದೆ? ನಿಕ್ ಕಥೆಯನ್ನು ಸ್ವಲ್ಪ ಬಿಡಿಸಿ ನೋಡಿದರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ.

ನಿಕ್ ಸಾಫ್ಟ್‌ವೇರ್ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿದ್ದ ಕಂಪನಿ. ಅದರ ಹೆಚ್ಚುಗಾರಿಕೆ ‘ಯು ಪಾಯಿಂಟ್’ ಎಂಬ ತಂತ್ರ. ಫೋಟೋದಲ್ಲಿ ಆಕಾಶದ ಮೇಲೆ ಒಂದು ಚುಕ್ಕೆ ಇಡಿ. ಆ ಚುಕ್ಕೆಯಿಂದ ಗೆರೆಗಳು ಹೊರಡುತ್ತವೆ. ಒಂದು ಗೆರೆ ಎಳೆದರೆ ವ್ಯಾಪ್ತಿ ಹಿಗ್ಗುತ್ತದೆ, ಇನ್ನೊಂದರಿಂದ ಬೆಳಕು, ಮತ್ತೊಂದರಿಂದ ಬಣ್ಣದ ಗಾಢತೆ ಬದಲಾಗುತ್ತದೆ. ಆ ವ್ಯಾಪ್ತಿಯೊಳಗೆ ಆಕಾಶದ ಬಣ್ಣವಿರುವ ಭಾಗ ಮಾತ್ರ ಬದಲಾಗಿ, ಅಡ್ಡ ನಿಂತ ತೆಂಗಿನ ಗರಿ ಹಾಗೇ ಉಳಿಯುತ್ತದೆ. ಈಗಿನವರಿಗೆ ಇದೇನು ಮಹಾ ಅನ್ನಿಸಬಹುದು. ಆದರೆ ಅಂದು ಇಷ್ಟೇ ಕೆಲಸಕ್ಕೆ ಪೆನ್ ಟೂಲ್ ಹಿಡಿದು ಅಂಚು ಬಿಡಿಸುತ್ತಾ ಕೂರಬೇಕಿತ್ತು. ಜೊತೆಗೆ ಸಿಲ್ವರ್ ಎಫೆಕ್ಸ್ ಎಂಬ ಕಪ್ಪು ಬಿಳುಪಿನ ಪ್ಲಗಿನ್ ಇತ್ತು. ಹಳೆಯ ಫಿಲ್ಮ್ ರೋಲುಗಳ ಕಣಕಣವನ್ನೂ ಅನುಕರಿಸುತ್ತಿದ್ದ ಅದಕ್ಕಾಗಿಯೇ ಇಡೀ ಕಂತೆ ಕೊಂಡವರಿದ್ದರು.

2012ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಈ ಕಂಪನಿಯನ್ನು ಕೊಂಡಿತು. ಸಿಲ್ವರ್ ಎಫೆಕ್ಸ್ ಮೇಲಿನ ಆಸೆಗೇನೂ ಅಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ಫೇಸ್‌ಬುಕ್ ನೂರು ಕೋಟಿ ಡಾಲರ್‌ಗೆ ಇನ್‌ಸ್ಟಾಗ್ರಾಮ್ ಕೊಳ್ಳುವುದಾಗಿ ಘೋಷಿಸಿತ್ತು. ಗೂಗಲ್‌ಗೂ ಮೊಬೈಲಿನಲ್ಲಿ ಫೋಟೋ ಚೆಂದ ಮಾಡುವ ಆ್ಯಪ್ ಬೇಕಾಗಿತ್ತು. ನಿಕ್ ಹತ್ತಿರ ಸ್ನ್ಯಾಪ್‌ಸೀಡ್ ಇತ್ತು. ಇಂದು ನಮ್ಮ ಕಾಲೇಜು ಹುಡುಗರ ಫೋನಿನಲ್ಲೆಲ್ಲ ಇರುವ ಸ್ನ್ಯಾಪ್‌ಸೀಡ್ ಅದೇ. ಅಲ್ಲಿಯವರೆಗೆ ದುಡ್ಡು ಕೊಟ್ಟು ಕೊಳ್ಳಬೇಕಿದ್ದ ಆ ಆ್ಯಪ್ ಅದೇ ಡಿಸೆಂಬರ್‌ನಲ್ಲಿ ಪುಕ್ಕಟೆಯಾಯಿತು. ಕಂಪ್ಯೂಟರಿನ ಪ್ಲಗಿನ್‌ಗಳು ಈ ವ್ಯಾಪಾರದಲ್ಲಿ ಜೊತೆಗೆ ಬಂದ ಸಾಮಾನು. ಜಾಹೀರಾತಿನಲ್ಲಿ ಬದುಕುವ ಕಂಪನಿಗೆ ಫೋಟೋಗ್ರಾಫರ್‌ಗಳಿಂದ ಬರುವ 149 ಡಾಲರ್ ಲೆಕ್ಕಕ್ಕೇ ಬರುವಂಥದ್ದಲ್ಲ. ದುಡ್ಡು ಬೇಡ ಎಂದಾಗಲೇ ಜವಾಬ್ದಾರಿಯೂ ಬೇಡ ಎಂದು ಹೇಳಿದಂತಾಗಿತ್ತು. ನಾವು ಅರ್ಧ ಮಾತ್ರ ಕೇಳಿಸಿಕೊಂಡೆವು.

ಇದರಲ್ಲಿ ಪೆಟ್ಟು ತಿಂದವರು ನಿಕ್ ಗಿರಾಕಿಗಳಷ್ಟೇ ಅಲ್ಲ. ಯು ಪಾಯಿಂಟ್ ತಂತ್ರವನ್ನು ನಿಕಾನ್ ತನ್ನ ಕ್ಯಾಪ್ಚರ್ ಎನ್‌ಎಕ್ಸ್ ಸಾಫ್ಟ್‌ವೇರಿನಲ್ಲಿ ಬಳಸುತ್ತಿತ್ತು. ನಿಕಾನ್ ಕ್ಯಾಮೆರಾ ಇದ್ದವರು ವರ್ಷಗಟ್ಟಲೆ ಚುಕ್ಕೆ ಇಟ್ಟು ಚಿತ್ರ ತಿದ್ದಿದ್ದರು, ಆ ತಿದ್ದುಪಡಿಯೆಲ್ಲ ಕ್ಯಾಮೆರಾದ ಕಚ್ಚಾ ಚಿತ್ರವಿರುವ ರಾ ಫೈಲಿನೊಳಗೇ ಸೇರಿಕೊಂಡಿತ್ತು. ನಿಕ್ ಗೂಗಲ್ ಪಾಲಾದ ಮೇಲೆ, 2014ರಲ್ಲಿ, ನಿಕಾನ್ ಕ್ಯಾಪ್ಚರ್ ಎನ್‌ಎಕ್ಸ್-ಡಿ ಎಂಬ ಹೊಸ ಸಾಫ್ಟ್‌ವೇರ್ ಬಿಟ್ಟಿತು. ಉಚಿತ. ಆದರೆ ಚುಕ್ಕೆಗಳಿಲ್ಲ. ಕ್ಯಾಮೆರಾ ಕಂಪನಿಯದೇ ಸಾಫ್ಟ್‌ವೇರು, ಹಾಗಾಗಿ ಶಾಶ್ವತ ಎಂದು ನಂಬಿದ್ದವರು ತಾವೆಂದೂ ವ್ಯವಹಾರ ಮಾಡದ ಮೂರನೇ ಕಂಪನಿಯ ಮಾರಾಟದಿಂದ ಕೈ ಸುಟ್ಟುಕೊಂಡರು. ಕೆಲವು ವರ್ಷಗಳ ನಂತರ ಆ ಚುಕ್ಕೆಗಳು ನಿಕಾನ್‌ಗೆ ಮರಳಿದವು. ಅಷ್ಟರಲ್ಲಿ ಅನೇಕರು ಬೇರೆ ದಾರಿ ಹಿಡಿದಾಗಿತ್ತು.

ಗೂಗಲ್ ಬಿಟ್ಟ ನಿಕ್ ಕಂತೆಯನ್ನು 2017ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ಡಿಎಕ್ಸ್‌ಒ ಕೊಂಡಿತು. ಮರುವರ್ಷ ತಾನೇ ಹಣಕಾಸಿನ ಬಿಕ್ಕಟ್ಟಿಗೆ ಸಿಕ್ಕಿಬಿದ್ದರೂ 2018ರ ಜೂನ್‌ನಲ್ಲಿ ಹೊಸ ಆವೃತ್ತಿ ತಂದಿತು, ಮತ್ತೆ ಬೆಲೆ ಕಟ್ಟಿ. ಪುಕ್ಕಟೆ ಸಿಗುತ್ತಿದ್ದುದಕ್ಕೆ ದುಡ್ಡು ಕೇಳುತ್ತಾರಲ್ಲ ಎಂದು ಬೈದವರು ಬಹಳ. ನನಗೇನೋ ಆ ಬೆಲೆ ಚೀಟಿ ಕಂಡು ಸಮಾಧಾನವಾಯಿತು. ಇದನ್ನೇ ಮಾರಿ ಬದುಕಬೇಕಾದವರು ಇದನ್ನು ನೋಡಿಕೊಳ್ಳುತ್ತಾರೆ. ನಿಕ್ ಕಲೆಕ್ಷನ್‌ನ ಹೊಸ ಆವೃತ್ತಿಗಳು ಅಲ್ಲಿಂದೀಚೆಗೆ ಬರುತ್ತಲೇ ಇವೆ.

ಆ್ಯಪಲ್‌ನ ಫೋಟೋ ಸಾಫ್ಟ್‌ವೇರ್ ಅಪರ್ಚರ್ ಕಥೆಯೂ ಇದೇ ಜಾಡಿನದು. 2005ರಲ್ಲಿ 499 ಡಾಲರ್‌ಗೆ ಬಂತು. ಮರುವರ್ಷ 299, 2008ರಲ್ಲಿ 199, 2011ರಲ್ಲಿ ಮ್ಯಾಕ್ ಆ್ಯಪ್ ಸ್ಟೋರಿನಲ್ಲಿ 79.99. ಬೆಲೆ ಮೆಟ್ಟಿಲಿಳಿದಂತೆಲ್ಲ ಆ್ಯಪಲ್‌ನ ಆಸಕ್ತಿಯೂ ಇಳಿಯಿತು. ಆ ಹೊತ್ತಿಗೆ ಆ್ಯಪಲ್ ಬದುಕುತ್ತಿದ್ದುದು ಐಫೋನಿನ ಮೇಲೆ. 2014ರ ಜೂನ್‌ನಲ್ಲಿ ಅಪರ್ಚರ್ ನಿಲ್ಲಿಸುವುದಾಗಿ ಹೇಳಿತು, 2019ರ ಮ್ಯಾಕ್ ಆಪರೇಟಿಂಗ್ ಸಿಸ್ಟಮ್ ಕ್ಯಾಟಲಿನಾದಲ್ಲಿ ಅದು ತೆರೆದುಕೊಳ್ಳುವುದೂ ನಿಂತಿತು.

ಹಾಗಾದರೆ ಸಾಫ್ಟ್‌ವೇರನ್ನೇ ಮಾರಿ ಬದುಕುವ ದೊಡ್ಡ ಕಂಪನಿ ಅಡೋಬಿ ಹತ್ತಿರ ಹೋದರೆ ಕ್ಷೇಮವೇ? ಸಾಫ್ಟ್‌ವೇರ್ ಕ್ಷೇಮ, ಜೇಬಿನ ಮಾತು ಬೇರೆ.

ಥಾಮಸ್ ಮತ್ತು ಜಾನ್ ನೋಲ್ ಎಂಬ ಅಣ್ಣತಮ್ಮಂದಿರು ಬರೆದ ಫೋಟೋಶಾಪ್‌ನ ಮೊದಲ ಆವೃತ್ತಿಯನ್ನು ಅಡೋಬಿ 1990ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಪೆಟ್ಟಿಗೆಯಲ್ಲಿಟ್ಟು ಮಾರಲಾಯಿತು. ಕೊನೆಯದಾಗಿ ಹಾಗೆ ಮಾರಿದ್ದು 2012ರ ಸಿಎಸ್6. ಬೆಲೆ 699 ಡಾಲರ್; ಹಳೆಯ ಆವೃತ್ತಿ ಇದ್ದವರಿಗೆ ಅಪ್‌ಗ್ರೇಡ್ 199. ಈ ಪದ್ಧತಿಯಲ್ಲಿ ಅಡೋಬಿಯ ದೊಡ್ಡ ಶತ್ರು ಅಡೋಬಿಯದೇ ಹಳೆಯ ಆವೃತ್ತಿ. ಲೇಯರ್, ಕರ್ವ್ಸ್, ಕ್ಲೋನ್ ಸ್ಟ್ಯಾಂಪ್, ಹೀಲಿಂಗ್ ಬ್ರಷ್ ಇವಿಷ್ಟಿದ್ದರೆ ಮದುವೆ ಫೋಟೋ ತಿದ್ದುವವನಿಗೆ ಮತ್ತೇನು ಬೇಕು? ಹೊಸದು ಬಂದಾಗ ಕೊಳ್ಳದೆ ಒಂದು ಆವೃತ್ತಿ, ಎರಡು ಆವೃತ್ತಿ ಬಿಟ್ಟುಬಿಡುವವರೇ ಜಾಸ್ತಿಯಾದರು. 2013ರ ಮೇನಲ್ಲಿ ಅಡೋಬಿ ಕಡ್ಡಿ ತುಂಡು ಮಾಡಿದಂತೆ ಹೇಳಿಬಿಟ್ಟಿತು: ಫೋಟೋಶಾಪಿನ ಹೊಸ ಆವೃತ್ತಿಗೆ ಇನ್ನು ಮಾರಾಟವಿಲ್ಲ, ಚಂದಾ ಮಾತ್ರ.

ಆಗ ಅದರ ಮುಖ್ಯಸ್ಥ ಹೈದರಾಬಾದಿನಲ್ಲಿ ಹುಟ್ಟಿದ ಶಂತನು ನಾರಾಯಣ್. 2012ರಲ್ಲಿ 440 ಕೋಟಿ ಡಾಲರ್ ಇದ್ದ ಆದಾಯ ಮರುವರ್ಷ 406 ಕೋಟಿಗೆ ಇಳಿಯಿತು. ನಿವ್ವಳ ಲಾಭ 83 ಕೋಟಿಯಿಂದ 29 ಕೋಟಿಗೆ ಕುಸಿಯಿತು. ಷೇರುಪೇಟೆಗೆ ಮೂರು ತಿಂಗಳಿಗೊಮ್ಮೆ ಉತ್ತರ ಹೇಳಬೇಕಾದ ಕಂಪನಿ ಇಂಥ ಕುಸಿತವನ್ನು ಬೇಕೆಂದೇ ಮೈಮೇಲೆ ಎಳೆದುಕೊಳ್ಳುವುದು ಅಪರೂಪ. ಧೈರ್ಯ ಫಲಿಸಿತು. 2024ರ ಆರ್ಥಿಕ ವರ್ಷದಲ್ಲಿ ಅಡೋಬಿಯ ಆದಾಯ 2,150 ಕೋಟಿ ಡಾಲರ್. ಅದನ್ನು ನೋಡಿದ ಸಾಫ್ಟ್‌ವೇರ್ ಜಗತ್ತೆಲ್ಲ ಬಾಡಿಗೆಯ ದಾರಿ ಹಿಡಿಯಿತು. ಫೋಟೋದ ಮಸುಕು ತೆಗೆದು ದೊಡ್ಡದು ಮಾಡಿಕೊಡುವ ಟೋಪಾಜ್ ಕೂಡ 2025ರಲ್ಲಿ ಒಂದೇ ಸಲ ಕೊಳ್ಳುವ ಪದ್ಧತಿಗೆ ಎಳ್ಳುನೀರು ಬಿಟ್ಟಿತು.

ಬಾಡಿಗೆ ಎಂದರೆ ಸುಲಿಗೆ ಎನ್ನುವವರ ಲೆಕ್ಕವನ್ನು ನಾನು ಪೂರ್ತಿ ಒಪ್ಪುವುದಿಲ್ಲ. 2013ರ ಕೊನೆಯಲ್ಲಿ ಫೋಟೋಗ್ರಾಫರ್‌ಗಳಿಗೆಂದು ಬಂದ ಪ್ಲಾನ್ ತಿಂಗಳಿಗೆ 9.99 ಡಾಲರ್, ಫೋಟೋಶಾಪ್ ಮತ್ತು ಅಡೋಬಿಯದೇ ಇನ್ನೊಂದು ಸಾಫ್ಟ್‌ವೇರ್ ಲೈಟ್‌ರೂಮ್ ಎರಡೂ ಸೇರಿ. ಹತ್ತು ವರ್ಷಕ್ಕೆ ಸುಮಾರು 1,200 ಡಾಲರ್. ಹಳೆಯ ಪದ್ಧತಿಯಲ್ಲಿ 699 ಕೊಟ್ಟು ಎರಡು ವರ್ಷಕ್ಕೊಮ್ಮೆ ಅಪ್‌ಗ್ರೇಡ್ ಮಾಡುತ್ತಾ ಬಂದಿದ್ದರೆ ಫೋಟೋಶಾಪ್ ಒಂದಕ್ಕೇ 1,700ರ ಹತ್ತಿರ ಹೋಗುತ್ತಿತ್ತು. ಹೊಸದು ಬಂದಾಗಲೆಲ್ಲ ಬೇಕು ಎನ್ನುವವನಿಗೆ ಆ ದರದಲ್ಲಿ ಬಾಡಿಗೆಯೇ ಅಗ್ಗವಾಗಿತ್ತು. ತುಟ್ಟಿಯಾದದ್ದು ಒಮ್ಮೆ ಕೊಂಡು ಸುಮ್ಮನೆ ಕೂರುವವನಿಗೆ. ಅವನು 699ರಲ್ಲಿ ಹತ್ತು ವರ್ಷ ತಳ್ಳುತ್ತಿದ್ದ.

ನಮ್ಮ ತಾಲ್ಲೂಕು ಕೇಂದ್ರಗಳ ಸ್ಟುಡಿಯೋದವರು ಈ ಸುಮ್ಮನೆ ಕೂರುವ ಜಾತಿಗೆ ಸೇರಿದವರು. 2002ರಲ್ಲಿ ಬಂದ ಫೋಟೋಶಾಪ್ 7.0 ಇಲ್ಲಿ ಎಷ್ಟು ಕಾಲ ಬಾಳಿತು ಎಂದರೆ, ‘ಸೆವೆನ್ ಪಾಯಿಂಟ್ ಓ’ ಎಂಬುದೇ ಸಾಫ್ಟ್‌ವೇರಿನ ಹೆಸರಾಗಿಬಿಟ್ಟಿತ್ತು. ಕಾರಣ ಸರಳ. ಕೊಂಡ ಪ್ರತಿಯನ್ನು ಇಂಟರ್‌ನೆಟ್ ಅಥವಾ ಫೋನ್ ಮೂಲಕ ದೃಢೀಕರಿಸಿಕೊಳ್ಳಬೇಕು ಎಂಬ ನಿಯಮ ಫೋಟೋಶಾಪಿಗೆ ಬಂದದ್ದು ಮುಂದಿನ ಆವೃತ್ತಿ ಸಿಎಸ್‌ನಿಂದ. 7.0ಗೆ ಒಂದು ಸೀರಿಯಲ್ ನಂಬರ್ ಸಾಕು, ಅದು ಸಿ.ಡಿ.ಯೊಳಗಿನ ನೋಟ್‌ಪ್ಯಾಡ್ ಫೈಲಿನಲ್ಲೇ ಇರುತ್ತಿತ್ತು. ಕಳ್ಳ ಪ್ರತಿಯೇ, ಸಂಶಯವಿಲ್ಲ. ಹಳೆಯ ಪೆಂಟಿಯಂ ಯಂತ್ರದಲ್ಲೂ ಓಡುತ್ತಿತ್ತು. 12x36 ಇಂಚಿನ ಕರಿಷ್ಮಾ ಆಲ್ಬಮ್ ಹಾಳೆ, ಒಂದು 4x6 ಕಾಗದದಲ್ಲಿ ಎಂಟು ಪಾಸ್‌ಪೋರ್ಟ್ ಫೋಟೋ, ಊರ ಜಾತ್ರೆಯ ಫ್ಲೆಕ್ಸ್ – ಎಲ್ಲವೂ ಅದರಲ್ಲೇ ಆಗುತ್ತಿತ್ತು.

ಇನ್ನೊಂದು ಕಾರಣ ಕನ್ನಡದ್ದು. ಆ ಕಾಲದ ಫೋಟೋಶಾಪಿಗೆ ಯೂನಿಕೋಡ್ ಕನ್ನಡ ಗೊತ್ತಿರಲಿಲ್ಲ. ‘ಶ್ರೀ’ ಎಂದು ಟೈಪಿಸಿದರೆ ಶ ಒಂದು ಕಡೆ, ರ ಒಂದು ಕಡೆ, ದೀರ್ಘ ಮತ್ತೊಂದು ಕಡೆ. ಹಾಗಾಗಿ ಡಿಸೈನರ್‌ಗಳು ನುಡಿ, ಬರಹದ ಹಳೆಯ ಆಸ್ಕಿ ಫಾಂಟುಗಳಲ್ಲಿ ಕೆಲಸ ಕಲಿತರು. ಹತ್ತು ಹದಿನೈದು ವರ್ಷದ ಫೋಟೋಶಾಪ್ ಫೈಲುಗಳು, ಅಂದರೆ ಪಿಎಸ್‌ಡಿಗಳು, ಆ ಫಾಂಟುಗಳ ಮೇಲೆ ನಿಂತಿವೆ. ಹೊಸ ಫೋಟೋಶಾಪ್‌ನಲ್ಲಿ ದಕ್ಷಿಣ ಏಷ್ಯಾದ ಅಕ್ಷರ ಜೋಡಣೆಯ ಆಯ್ಕೆ ಒತ್ತಿದರೆ ಯೂನಿಕೋಡ್ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಆದರೆ ಕೈಗೆ ಕೂತ ಕೀಲಿಗಳನ್ನೂ ಹಳೆಯ ಫೈಲುಗಳ ರಾಶಿಯನ್ನೂ ಬಿಟ್ಟು ಬರಬೇಕಲ್ಲ? ಮೇಲಾಗಿ ತಿಂಗಳ ಕಂತು. ಆಷಾಢದಲ್ಲಿ ಮದುವೆ ಇರುವುದಿಲ್ಲ, ಧನುರ್ಮಾಸದಲ್ಲಿ ಇರುವುದಿಲ್ಲ; ಬಾಡಿಗೆ ಮಾತ್ರ ಹನ್ನೆರಡು ತಿಂಗಳೂ ಇರುತ್ತದೆ.

ಸೀಸನ್‌ನಲ್ಲಿ ಚಂದಾ ಹಾಕಿ ಉಳಿದ ತಿಂಗಳು ಬಿಟ್ಟುಬಿಟ್ಟರಾಯಿತು ಎನ್ನುವವರು ಒಪ್ಪಂದ ಓದಬೇಕು. ತಿಂಗಳಿಗೆ ಇಷ್ಟು ಎಂದು ಕಾಣುವ ಅಗ್ಗದ ದರದಲ್ಲಿ ಒಪ್ಪಂದ ಒಂದು ವರ್ಷದ್ದು, ಕಂತು ಮಾತ್ರ ತಿಂಗಳದ್ದು. ನಡುವೆ ಬಿಟ್ಟರೆ ಉಳಿದ ಕಂತುಗಳ ಅರ್ಧದಷ್ಟು ದಂಡ. ಈ ದಂಡದ ವಿಷಯವನ್ನು ಸಣ್ಣ ಅಕ್ಷರದಲ್ಲಿ ಅಡಗಿಸಿ, ಚಂದಾ ರದ್ದು ಮಾಡುವುದನ್ನು ಬೇಕೆಂದೇ ಕಷ್ಟ ಮಾಡಿದೆ ಎಂದು ಆರೋಪಿಸಿ ಅಮೆರಿಕದ ಗ್ರಾಹಕ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್‌ನ ಶಿಫಾರಸಿನ ಮೇಲೆ ಅಲ್ಲಿನ ನ್ಯಾಯ ಇಲಾಖೆ 2024ರ ಜೂನ್‌ನಲ್ಲಿ ಅಡೋಬಿ ಮೇಲೆ ಮೊಕದ್ದಮೆ ಹೂಡಿತು. ಅಡೋಬಿ ಆರೋಪವನ್ನು ಅಲ್ಲಗಳೆಯಿತು.

2025ರ ಜನವರಿಯಲ್ಲಿ ಆ ಹಳೆಯ 9.99 ಡಾಲರ್ ಪ್ಲಾನಿಗೂ ಕುತ್ತು ಬಂತು. ಹೊಸಬರಿಗೆ ಅದು ಸಿಗುವುದು ನಿಂತಿತು. ಮೊದಲೇ ಇದ್ದು ತಿಂಗಳ ಕಂತು ಕಟ್ಟುವವರಿಗೆ 14.99 ಆಯಿತು, ವರ್ಷದ ಹಣ ಒಟ್ಟಿಗೇ ಕಟ್ಟಿದರೆ ಹಳೆಯ ದರ. ಹೊಸದಾಗಿ ಸೇರುವವರಿಗೆ ಫೋಟೋಶಾಪ್ ಸಹಿತ ಕಡಿಮೆ ದರದ ಫೋಟೋ ಪ್ಲಾನ್ 19.99. ಅಂದರೆ ಇಮ್ಮಡಿ. ಹನ್ನೊಂದು ವರ್ಷ ಏರದ ದರ ಒಮ್ಮೆ ಏರಿದರೆ ತಪ್ಪೇನು ಎಂದು ಕೇಳಬಹುದು. ತಪ್ಪು ಏರಿಕೆಯದಲ್ಲ. ಏರಿಸಿದಾಗ ಎದ್ದುಹೋಗಲು ಆಗುತ್ತದೆಯೇ ಎಂಬುದು ಪ್ರಶ್ನೆ. ಅದನ್ನು ತಿಳಿಯಲು ಲೈಟ್‌ರೂಮ್ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಬೇಕು.

ಲೈಟ್‌ರೂಮ್ ನಿಮ್ಮ ಮೂಲ ಫೋಟೋವನ್ನು ಮುಟ್ಟುವುದೇ ಇಲ್ಲ. ಎಕ್ಸ್‌ಪೋಷರ್ ಇಷ್ಟು ಹೆಚ್ಚಿಸು, ನೆರಳು ಇಷ್ಟು ಎತ್ತು, ಇಲ್ಲಿಂದಿಲ್ಲಿಗೆ ಕ್ರಾಪ್ ಮಾಡು ಎಂಬ ಸೂಚನೆಗಳನ್ನಷ್ಟೇ ಕ್ಯಾಟಲಾಗ್ ಎಂಬ ಫೈಲಿನಲ್ಲಿ ಬರೆದಿಡುತ್ತದೆ. ತೆರೆಯ ಮೇಲೆ ನೀವು ನೋಡುವುದು ಆ ಸೂಚನೆಗಳ ಪ್ರಕಾರ ಆ ಕ್ಷಣಕ್ಕೆ ತಯಾರಾದ ಚಿತ್ರ. ಇದು ಬಹಳ ಒಳ್ಳೆಯ ವ್ಯವಸ್ಥೆ. ಜಾಗ ಉಳಿಯುತ್ತದೆ, ತಪ್ಪಾದರೆ ಹಿಂದಕ್ಕೆ ಹೋಗಬಹುದು. ಆದರೆ ನಿಮ್ಮ ಹತ್ತಿರ ಇರುವುದು ಅಡುಗೆಯಲ್ಲ, ಅಡುಗೆ ಮಾಡುವ ವಿಧಾನ ಬರೆದ ಚೀಟಿ. ಅದರಲ್ಲಿ ‘ರುಚಿಗೆ ತಕ್ಕಷ್ಟು ಉಪ್ಪು’ ಎಂದಿದ್ದರೆ ಎಷ್ಟೆಂದು ಆ ಅಡುಗೆಭಟ್ಟರಿಗೆ ಮಾತ್ರ ಗೊತ್ತು. ಲೈಟ್‌ರೂಮಿನ ‘ಹೈಲೈಟ್ಸ್ ಮೈನಸ್ 40’ ಇನ್ನೊಂದು ಸಾಫ್ಟ್‌ವೇರಿನ ಮೈನಸ್ 40 ಅಲ್ಲ. ನೀವು ಕೊಟ್ಟ ಸ್ಟಾರ್, ಕೀವರ್ಡ್‌ಗಳು ಬೇರೆಡೆಗೆ ಸಾಗುತ್ತವೆ. ಡಾರ್ಕ್‌ಟೇಬಲ್‌ನಂಥ ಬೇರೆ ಸಾಫ್ಟ್‌ವೇರ್‌ಗಳು ಕ್ರಾಪ್ ಮತ್ತು ಕೆಲವು ಹೊಂದಾಣಿಕೆಗಳನ್ನು ಅಂದಾಜಿನ ಮೇಲೆ ಓದಿಕೊಳ್ಳುತ್ತವೆ. ಚರ್ಮದ ಬಣ್ಣಕ್ಕಾಗಿ ನೀವು ಪಟ್ಟ ಪಾಡು ಸಾಗುವುದಿಲ್ಲ.

ಚಂದಾ ನಿಂತರೆ ಲೈಟ್‌ರೂಮ್ ಕ್ಲಾಸಿಕ್ ಬಾಗಿಲು ಪೂರ್ತಿ ಹಾಕುವುದಿಲ್ಲ ಎಂಬುದನ್ನೂ ಹೇಳಬೇಕು. ಚಿತ್ರಗಳನ್ನು ನೋಡಬಹುದು, ಹುಡುಕಬಹುದು, ಎಕ್ಸ್‌ಪೋರ್ಟ್ ಮಾಡಬಹುದು. ತಿದ್ದುವ ಡೆವಲಪ್ ವಿಭಾಗ ಮತ್ತು ನಕ್ಷೆಯ ವಿಭಾಗ ಮುಚ್ಚಿಕೊಳ್ಳುತ್ತವೆ. ಈ ಮಟ್ಟಿಗೆ ಅಡೋಬಿಯದು ಸಭ್ಯ ನಡವಳಿಕೆ, ಎಲ್ಲರೂ ಹೀಗಿಲ್ಲ.

‘ಕೊಂಡುಬಿಟ್ಟರೆ ನಮ್ಮದು’ ಎಂಬ ಮಾತಿಗೂ ವಾಯಿದೆ ಇದೆ. ಫೋಟೋಶಾಪ್ ಸಿಎಸ್2 ಕೊಂಡವರ ಪ್ರತಿಯನ್ನು ದೃಢೀಕರಿಸುವ ಸರ್ವರ್‌ಗಳನ್ನು ಅಡೋಬಿ ನಿಲ್ಲಿಸಿದಾಗ, ಮತ್ತೆ ಇನ್‌ಸ್ಟಾಲ್ ಮಾಡಬೇಕಾದವರಿಗಾಗಿ ಬೇರೆ ಸೀರಿಯಲ್ ನಂಬರ್ ಪ್ರಕಟಿಸಬೇಕಾಯಿತು. ಬಾಡಿಗೆಯಿಲ್ಲದೆ ಸಿಕ್ಕ ಕೊನೆಯ ಲೈಟ್‌ರೂಮ್ 2015ರ ಆರನೇ ಆವೃತ್ತಿ. 2018ರ ನವೆಂಬರ್ ಕೊನೆಯಲ್ಲಿ ಅದರ ನಕ್ಷೆ ಕೈಕೊಟ್ಟಿತು, ಏಕೆಂದರೆ ಅದು ಗೂಗಲ್ ಮ್ಯಾಪ್ಸ್ ಮೇಲೆ ನಿಂತಿತ್ತು. ಹೊಸ ಕ್ಯಾಮೆರಾ ಕೊಂಡರೆ ಅದರ ರಾ ಫೈಲನ್ನು ಹಳೆಯ ಲೈಟ್‌ರೂಮ್ ಗುರುತಿಸುವುದಿಲ್ಲ. ಕೊಂಡ ಸಾಫ್ಟ್‌ವೇರ್ ನಮ್ಮದಾಗಿರುವುದು ಅದರ ಸುತ್ತಲಿನ ಕಂಪ್ಯೂಟರು, ಕ್ಯಾಮೆರಾ, ಸರ್ವರು ಬದಲಾಗದೆ ಇರುವಷ್ಟು ದಿನ.

ಈಗ ಈ ಲೆಕ್ಕಕ್ಕೆ ಎಐ ಸೇರಿದೆ. ಹಳೆಯ ಫೋಟೋಶಾಪಿನಲ್ಲಿ ನೀವು ಸಾವಿರ ಸಲ ಕ್ಲೋನ್ ಸ್ಟ್ಯಾಂಪ್ ಒತ್ತಿದರೂ ಅಡೋಬಿಗೆ ನಯಾಪೈಸೆ ಖರ್ಚಿಲ್ಲ, ಕರೆಂಟು ನಿಮ್ಮದು, ಯಂತ್ರ ನಿಮ್ಮದು. 2023ರಲ್ಲಿ ಬಂದ ಜನರೇಟಿವ್ ಫಿಲ್ ಹಾಗಲ್ಲ. ಗ್ರೂಪ್ ಫೋಟೋದ ಹಿಂದೆ ಅಡ್ಡ ಬಂದ ಶಾಮಿಯಾನದ ಕಂಬ ಅಳಿಸಿ ಅಲ್ಲಿ ಗೋಡೆ ತುಂಬು ಎಂದರೆ ಕೆಲಸ ನಡೆಯುವುದು ಕಂಪನಿಯ ಸರ್ವರಿನಲ್ಲಿ, ಪ್ರತಿ ಸಲವೂ ಖರ್ಚು. ಹಾಗಾಗಿ ಬಾಡಿಗೆಯ ಒಳಗೆ ಇನ್ನೊಂದು ಮೀಟರ್ ಬಂತು – ತಿಂಗಳಿಗೆ ಇಷ್ಟು ‘ಕ್ರೆಡಿಟ್’. ಮುಂದೆ ಬೆಲೆಯ ಜಗ್ಗಾಟ ನಡೆಯುವುದು ಇಲ್ಲಿಯೇ ಎಂದು ನನ್ನ ಅಂದಾಜು. ಕರ್ವ್ಸ್, ಲೇಯರ್‌ಗಳಂಥ ಹಳೆಯ ಉಪಕರಣಗಳು ಹೆಚ್ಚುಕಡಿಮೆ ಪುಕ್ಕಟೆಯಾಗುತ್ತವೆ, ಮೀಟರ್ ಎಐ ಮೇಲೆ ಓಡುತ್ತದೆ.

ಇದು ಬರೀ ಊಹೆಯಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಸೆರಿಫ್ ಕಂಪನಿ 2015ರಲ್ಲಿ ಅಫಿನಿಟಿ ಫೋಟೋ ತಂದಾಗ ಬೆಲೆ 49.99 ಡಾಲರ್, ಚಂದಾ ಇಲ್ಲ ಎಂಬುದೇ ಅದರ ಜಾಹೀರಾತು. ಅಡೋಬಿ ಬಿಟ್ಟುಬಂದವರು ಅಲ್ಲಿ ನೆಲೆ ಕಂಡರು. 2024ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ಕ್ಯಾನ್ವಾ ಅದನ್ನು ಕೊಂಡಿತು. ಜನ ಗಾಬರಿಯಾದರು, ಕ್ಯಾನ್ವಾ ಬದುಕುವುದೇ ಚಂದಾದಿಂದ. ಒಂದೇ ಸಲ ಕೊಳ್ಳುವ ಅವಕಾಶ ಎಂದೆಂದಿಗೂ ಇರುತ್ತದೆ ಎಂದು ಕ್ಯಾನ್ವಾ ಮಾತು ಕೊಟ್ಟಿತು. 2025ರ ಅಕ್ಟೋಬರ್ 30ರಂದು ಅಫಿನಿಟಿಯ ಮೂರು ಆ್ಯಪ್‌ಗಳನ್ನು ಒಂದು ಮಾಡಿ, ಉಚಿತವಾಗಿ ಕೊಟ್ಟಿತು. ಕ್ಯಾನ್ವಾ ಖಾತೆ ಬೇಕು. ಎಐ ಉಪಕರಣ ಬೇಕಾದರೆ ಕ್ಯಾನ್ವಾ ಚಂದಾ ಕಟ್ಟಬೇಕು. ಹಳೆಯ ಆವೃತ್ತಿ ಕೊಂಡವರದು ನಡೆಯುತ್ತದೆ, ಹೊಸದಾಗಿ ಕೊಳ್ಳಲು ಮಾತ್ರ ಏನೂ ಇಲ್ಲ. ಮಾತು ಮುರಿಯಿತೇ, ಉಳಿಯಿತೇ? ವಕೀಲರಿಗೆ ಒಳ್ಳೆಯ ವಿಷಯ. ನಿಕ್ ಕಥೆಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಗೂಗಲ್‌ಗೆ ನಿಕ್ ಪ್ಲಗಿನ್‌ಗಳಿಂದ ಆಗಬೇಕಾದ್ದೇನೂ ಇರಲಿಲ್ಲ, ಕ್ಯಾನ್ವಾಕ್ಕೆ ಅಫಿನಿಟಿ ಗಿರಾಕಿಗಳನ್ನು ಕರೆತರುವ ಹೆಬ್ಬಾಗಿಲು. ಆ ಬಾಗಿಲಿನಿಂದ ಸಾಕಷ್ಟು ಜನ ಒಳಗೆ ಬರುತ್ತಿರುವವರೆಗೆ ಅದನ್ನು ಚೆನ್ನಾಗಿಯೇ ಇಟ್ಟುಕೊಳ್ಳುತ್ತಾರೆ.

ಯಜಮಾನನೇ ಇಲ್ಲದ ದಾರಿಯೂ ಇದೆ. ಬರ್ಕ್‌ಲಿಯ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ಶುರು ಮಾಡಿದ ಗಿಂಪ್ ಎಂಬ ಚಿತ್ರ ತಿದ್ದುವ ಸಾಫ್ಟ್‌ವೇರ್ ಇಂದಿಗೂ ಮುಕ್ತ, ಉಚಿತ. ಯೂನಿಕೋಡ್ ಕನ್ನಡ ಅದರಲ್ಲಿ ತಕರಾರಿಲ್ಲದೆ ಕೂರುತ್ತದೆ. ಮಾರಲು ಯಾರೂ ಇಲ್ಲದ್ದರಿಂದ ಕೊಳ್ಳಲೂ ಯಾರಿಗೂ ಆಗದು. ಇದರ ಬೆಲೆ ಕಾಯುವಿಕೆ. 2018ರ 2.10 ಆವೃತ್ತಿಯ ನಂತರ 3.0 ಬಂದದ್ದು 2025ರ ಮಾರ್ಚ್‌ನಲ್ಲಿ. ಮೂಲ ಚಿತ್ರ ಕೆಡದಂತೆ ಫಿಲ್ಟರ್ ಹಾಕುವ ಸೌಲಭ್ಯ ಆಗಷ್ಟೇ ಸಿಕ್ಕಿತು. ಆಲ್ಬಮ್ ನಾಳೆ ಕೊಡಬೇಕಾದವರಿಗೆ ಗಿಂಪ್ ಕಲಿಯಿರಿ ಎಂದು ಉಪದೇಶ ಮಾಡುವಷ್ಟು ನಿರ್ದಯಿ ನಾನಲ್ಲ.

ಯಾವುದನ್ನು ಬಳಸಿದರೂ ಒಂದು ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಾಕಿಕೊಳ್ಳುವುದು ಒಳ್ಳೆಯದು. ಮುಗಿದ ಚಿತ್ರವನ್ನು ಯಾವ ಸಾಫ್ಟ್‌ವೇರೂ ತೆರೆಯಬಲ್ಲ ರೂಪದಲ್ಲಿ, ಮೂಲ ರಾ ಫೈಲಿನ ಪಕ್ಕದಲ್ಲೇ ಇಡುವ ಖರ್ಚು. 24 ಮೆಗಾಪಿಕ್ಸೆಲ್ ಚಿತ್ರವೊಂದನ್ನು 16 ಬಿಟ್ ಟಿಫ್ ಮಾಡಿದರೆ ಸುಮಾರು 144 ಎಂಬಿ. ಎಲ್ಲ ಚಿತ್ರಕ್ಕೂ ಹೀಗೆ ಮಾಡಹೊರಟರೆ ಹಾರ್ಡ್‌ಡಿಸ್ಕ್ ಅಂಗಡಿಯವನು ಉದ್ಧಾರವಾಗುತ್ತಾನೆ. ಆಯ್ದ ಕೆಲವಕ್ಕೆ ಟಿಫ್, ಉಳಿದವಕ್ಕೆ ಪೂರ್ತಿ ಗಾತ್ರದ ಜೆಪೆಗ್ ಸಾಕು. ಆಲ್ಬಮ್ ಡಿಸೈನರ್‌ಗಳಾದರೆ ಪಿಎಸ್‌ಡಿಯ ಜೊತೆಗೆ ಲೇಯರ್‌ಗಳನ್ನು ಒಂದುಗೂಡಿಸಿದ ಪ್ರತಿ, ಮತ್ತು ಆಸ್ಕಿಯಲ್ಲಿ ಟೈಪಿಸಿದ ಹೆಸರು, ದಿನಾಂಕಗಳನ್ನು ಯೂನಿಕೋಡಿಗೆ ಬದಲಿಸಿದ ಒಂದು ಟೆಕ್ಸ್ಟ್ ಫೈಲ್. ಇದನ್ನೆಲ್ಲ ಚಂದಾ ಚಾಲ್ತಿಯಲ್ಲಿರುವಾಗ, ಹಳೆಯ ಕಂಪ್ಯೂಟರ್ ಇನ್ನೂ ಆನ್ ಆಗುತ್ತಿರುವಾಗ ಮಾಡಬೇಕು.